ಬಂಡಿ ಕಟ್ಟುವವರ ಮನೆಯಿಂದ ಬಂದ ಕಾರು



ಧರ್ಮಸ್ಥಳಕ್ಕೆ ಹೋಗಿಬಂದ ನಿಮ್ಮಲ್ಲಿ ಅನೇಕರು ಮಂಜೂಷಾ ವಸ್ತುಸಂಗ್ರಹಾಲಯದ ಹೆಸರನ್ನು ಕೇಳಿರುತ್ತೀರಿ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಮೋಟಾರುಗಳ ಆ ಸಂಗ್ರಹಕ್ಕೆ ಸೇರಿದ ಅಮೆರಿಕದ ಕಾರೊಂದುಂಟು, ಸ್ಟುಡಿಬೇಕರ್ ಪ್ರೆಸಿಡೆಂಟ್. ಮಹಾತ್ಮ ಗಾಂಧಿಯವರು ಕರ್ನಾಟಕ ಪ್ರವಾಸದಲ್ಲಿ ಬಳಸಿದ ವಾಹನವೆಂದು ಅದು ಪ್ರಸಿದ್ಧ. ತುಂಡು ಪಂಚೆಯ ಫಕೀರನಿಗೂ ಸಿರಿವಂತರ ಈ ರಥಕ್ಕೂ ಏನು ನಂಟು ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ. ಉತ್ತರಕ್ಕೆ ಎರಡು ಚರಿತ್ರೆಗಳನ್ನು ಒಟ್ಟಿಗೆ ಓದಬೇಕು.

ಸ್ಟುಡಿಬೇಕರ್ ಸಹೋದರರು ಮೂಲತಃ ಕಮ್ಮಾರಿಕೆ ಮತ್ತು ಬಂಡಿ ಕಟ್ಟುವ ಕಸುಬಿನವರು. 1852ರಲ್ಲಿ ಇಂಡಿಯಾನಾ ಪ್ರಾಂತ್ಯದ ಸೌತ್ ಬೆಂಡ್ ಊರಿನಲ್ಲಿ ಕುಲುಮೆ ಹೂಡಿದರು. ಕುದುರೆ ಬಂಡಿಗಳಿಂದ ಹೆಸರು ಗಳಿಸಿದ ಆ ಸಂಸ್ಥೆ 1902ರಲ್ಲಿ ವಿದ್ಯುತ್ ಕಾರನ್ನೂ 1904ರಲ್ಲಿ ಪೆಟ್ರೋಲ್ ಕಾರನ್ನೂ ಮಾರುಕಟ್ಟೆಗೆ ತಂದಿತು. ಪ್ರೆಸಿಡೆಂಟ್ ಅದರ ಅತಿ ಶ್ರೇಷ್ಠ ಮಾದರಿ. 1928ರಲ್ಲಿ ಅದಕ್ಕೆ ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನ್ ಬಂದಿತು. ಆ ಕಾಲದ ಕಾರುಗಳ ಮೂತಿ ಅಷ್ಟು ಉದ್ದವಾಗಿರುವುದಕ್ಕೆ ಇಂಥ ಎಂಜಿನ್ನುಗಳೇ ಕಾರಣ. ಅದೇ ವರ್ಷ ಅಟ್ಲಾಂಟಿಕ್ ಸಿಟಿಯ ಮರದ ಹಲಗೆಯ ಓಟದಂಗಳದಲ್ಲಿ ಪ್ರೆಸಿಡೆಂಟ್ ಕಾರುಗಳು 30,000 ಮೈಲಿಗಳನ್ನು 26,326 ನಿಮಿಷಗಳಲ್ಲಿ ಓಡಿ ಮುಗಿಸಿದವು. ಲೆಕ್ಕದ ಮೇಷ್ಟರ ಶಿಷ್ಯರು ಭಾಗಿಸಿ ನೋಡಿರಿ: ಹದಿನೆಂಟು ದಿನಗಳಿಗೂ ತುಸು ಹೆಚ್ಚು ಕಾಲ, ಗಂಟೆಗೆ ಸುಮಾರು 68 ಮೈಲಿ ವೇಗ!

ಆದರೆ ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ 1933ರಲ್ಲಿ ಸಂಸ್ಥೆ ದಿವಾಳಿಯ ಅಂಚಿಗೆ ಬಂದು ನ್ಯಾಯಾಲಯದ ಉಸ್ತುವಾರಿಗೆ ಒಳಗಾಯಿತು. ಮತ್ತೆ ಚೇತರಿಸಿಕೊಂಡರೂ 1966ರಲ್ಲಿ ಸ್ಟುಡಿಬೇಕರ್ ಕಾರುಗಳ ತಯಾರಿಕೆ ಶಾಶ್ವತವಾಗಿ ನಿಂತಿತು.

ಅದೇ 1933ರ ನವೆಂಬರ್ 7ರಂದು ಗಾಂಧೀಜಿ ವಾರ್ಧಾದಿಂದ ಹರಿಜನ ಯಾತ್ರೆಯನ್ನು ಆರಂಭಿಸಿದರು. ಸುಮಾರು ಒಂಬತ್ತು ತಿಂಗಳು, 12,500 ಮೈಲಿಗಳಷ್ಟು ದೂರ ಸಂಚರಿಸಿ ಅಸ್ಪೃಶ್ಯತೆಯ ವಿರುದ್ಧ ಜನರ ಮನಸ್ಸನ್ನು ತಟ್ಟಿದರು. 1934ರಲ್ಲಿ ಮೈಸೂರು ಸೀಮೆ, ಕೊಡಗು, ದಕ್ಷಿಣ ಕನ್ನಡಗಳಿಗೆ ಬಂದರು. ಕೊಡಗಿಗೆ ರೈಲು ಇರಲಿಲ್ಲ. ಘಟ್ಟದ ತಿರುವುಗಳನ್ನು ದಾಟಿ, ದಿನಕ್ಕೆ ಹಲವು ಊರುಗಳಲ್ಲಿ ಸಭೆ ನಡೆಸಬೇಕಾದರೆ ಮೋಟಾರು ಅನಿವಾರ್ಯ. ಆಗ ನಂಬಿಕೆಗೆ ಯೋಗ್ಯವಾದ ದೊಡ್ಡ ಕಾರುಗಳು ಇದ್ದುದು ಶ್ರೀಮಂತರ ಮನೆಗಳಲ್ಲಿ. ಹೀಗೆ ಉಳ್ಳವರ ಭೋಗವಸ್ತುವು ಇಲ್ಲದವರ ಕೆಲಸಕ್ಕೆ ಒದಗಿತು. ವಾಹನದ ಬೆಲೆಗಿಂತ ಅದು ಯಾವ ಬಾಗಿಲಿಗೆ ಹೋಯಿತೆಂಬುದೇ ದೊಡ್ಡದು.

ಇನ್ನು ಇಂಥ ಕಾರುಗಳ ಜೀರ್ಣೋದ್ಧಾರದ ವಿಚಾರ. ಮೇಲ್ಹೊದಿಕೆ ಮಡಚುವ ಕಾರನ್ನು ಉಳಿಸುವುದು ಮುಚ್ಚಿದ ಕಾರಿಗಿಂತ ಕಷ್ಟ. ಬಟ್ಟೆಯ ಹೊದಿಕೆ ಬಿಸಿಲುಮಳೆಗಳಿಗೆ ಜೀರ್ಣವಾಗುತ್ತದೆ, ಒಳಕ್ಕೆ ನೀರಿಳಿಯುತ್ತದೆ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟಿರುತ್ತಿತ್ತು. ಅದು ಕೊಳೆತರೆ ಬಾಗಿಲುಗಳು ಜೋತುಬೀಳುತ್ತವೆ. ಬಿಡಿಭಾಗ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಲೇತ್ ತಿರುಗಿಸುವವನು, ಟಿಂಕರಿಂಗ್ ಮಾಡುವವನು, ಬಡಗಿ, ಪ್ಲೇಟಿಂಗ್ ಕೆಲಸದವನು, ಸೀಟು ಹೊಲಿಯುವವನು, ಇವರೆಲ್ಲ ಕೂಡಿದರೆ ಮಾತ್ರ ಕಾರು ಎದ್ದೀತು. ನಮ್ಮ ಕುರುಬರಹಳ್ಳಿ, ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಓಣಿಗಳಲ್ಲಿ ಇಂಥ ಕೈಕಸುಬಿನವರು ಬೆಳೆದರು. ಅವರಲ್ಲಿ ಕೆಲವರು ನನ್ನ ತರಗತಿಯ ಹಿಂದಿನ ಬೆಂಚಿನವರೇ. ವಸ್ತುಸಂಗ್ರಹಾಲಯಗಳ ಫಲಕಗಳಲ್ಲಿ ಒಡೆಯರ ಹೆಸರಿರುತ್ತದೆ, ಇಂಥವರ ಹೆಸರು ಅಪರೂಪ.

ಹೊಸ ಬಣ್ಣ ಬಳಿಯುವುದು ಸುಲಭ. ಹಳೆಯದನ್ನು ಎಷ್ಟು ಉಳಿಸಬೇಕೆಂಬ ವಿವೇಕ ದುರ್ಲಭ. ಶಾಸನದ ಕಲ್ಲಿಗೆ ಸುಣ್ಣ ಬಳಿದರೆ ಗುಡಿ ಬೆಳ್ಳಗಾದೀತು, ಅಕ್ಷರ ಮಾಯವಾದೀತು. ಕಾರಿನ ಮಾತೂ ಹಾಗೆಯೇ. ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಹೊರಡಿಸಿದ ನಿಯಮ ಈ ಸೂಕ್ಷ್ಮವನ್ನು ಗುರುತಿಸಿದೆ: ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ್ದು, ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳಿಗೆ ಮಾತ್ರ ವಿಂಟೇಜ್ ಮನ್ನಣೆ, ಅವುಗಳ ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ಪ್ರದರ್ಶನ, ರ‍್ಯಾಲಿ, ಸಂಶೋಧನೆಗಳಿಗೆ ಅವು ರಸ್ತೆಗಿಳಿಯಬಹುದು, ನಿತ್ಯದ ಓಡಾಟಕ್ಕಿಲ್ಲ.

ಕಾನೂನು ಕಬ್ಬಿಣವನ್ನು ಕಾಪಾಡೀತು. ಯಾರು ಓಡಿಸಿದರು, ಯಾರು ರಿಪೇರಿ ಮಾಡಿದರು, ಯಾವ ಊರಿಗೆ ಹೋಯಿತು ಎಂಬುದನ್ನು ಕಾಪಾಡಬೇಕಾದವರು ನಾವು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಮೋಟಾರು, ಬಸ್ಸು, ಜಟಕಾಗಳ ಭಾವಚಿತ್ರಗಳಿದ್ದರೆ, ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರನ್ನೂ ಇಸವಿಯನ್ನೂ ಬರೆದಿಡಿ. ಚಾಲಕನ ಹೆಸರನ್ನು ಮೊದಲು ಬರೆಯಿರಿ.