ರಾಡ್ಮಾರ್ಟನ್ ಮ್ಯಾನರ್: ಕೈಕಸುಬಿಗೆ ಆಸರೆಯಾದದ್ದು ಯಾವುದು?

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ರಾಡ್ಮಾರ್ಟನ್ ಮ್ಯಾನರ್ ಕೈಕಸುಬನ್ನು ಎತ್ತಿಹಿಡಿದ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯ ಕೊನೆಗಾಲದ ದೊಡ್ಡ ಮನೆ. ಅರ್ನೆಸ್ಟ್ ಬಾರ್ನ್ಸ್ಲಿಯ ವಿನ್ಯಾಸದಂತೆ 1909ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1929ರಲ್ಲಿ. ಅಷ್ಟರಲ್ಲಿ ಅರ್ನೆಸ್ಟ್, ತಮ್ಮ ಸಿಡ್ನಿ ಇಬ್ಬರೂ 1926ರಲ್ಲಿ ತೀರಿಕೊಂಡು, ಹೊಣೆ ಅರ್ನೆಸ್ಟನ ಅಳಿಯ ನಾರ್ಮನ್ ಜ್ಯೂಸನ್ನನ ಪಾಲಿಗೆ ಬಂದಿತ್ತು. ಇಷ್ಟರಲ್ಲಿ ತಕರಾರಿಲ್ಲ.

ತಕರಾರಿರುವುದು ಆ ಮನೆಯ ಅರ್ಥದ ಬಗ್ಗೆ. 1914ರಲ್ಲಿ ಅದನ್ನು ಕಂಡ ವಿನ್ಯಾಸಕ ಸಿ.ಆರ್. ಆಶ್‌ಬೀ, ಚಳವಳಿಯ ಅತ್ಯುತ್ತಮ ರೂಪ ಅಲ್ಲಿದೆ ಎಂದು ಬರೆದ. ಚಳವಳಿಗೆ ಸ್ಫೂರ್ತಿಯಾದ ವಿಲಿಯಂ ಮಾರಿಸ್‌ನ ಕನಸು ಅಲ್ಲಿ ಕೈಗೂಡಿತೆಂಬ ಓದಿಗೆ ಈ ಮಾತು ಬಲ ಕೊಡುತ್ತದೆ. ಕಣ್ಣಿಗೆ ಕಾಣುವುದೂ ಹಾಗೆಯೇ: ಸ್ಥಳೀಯ ಕಲ್ಲು, ಎಸ್ಟೇಟಿನಲ್ಲೇ ಕಡಿದ ಮರ, ಗುಂಡಿಯ ಮೇಲೊಬ್ಬ ಒಳಗೊಬ್ಬ ನಿಂತು ಎಳೆದ ಗರಗಸ, ಆಲ್ಫ್ರೆಡ್ ಬಕ್ನೆಲ್ ಬಡಿದ ಕಬ್ಬಿಣ, ಪೀಟರ್ ವಾಲ್ಸ್ ಮಾಡಿದ ಪೀಠೋಪಕರಣ.

ಆದರೆ ಕೂಲಿಯ ಹಣ ಯಾರದು? ಒಡೆಯ ಕ್ಲಾಡ್ ಬಿಡಲ್ಫ್ ಬ್ಯಾಂಕರ್ ಮನೆತನದವನು. ಎಸ್ಟೇಟು ತಂದೆ ಕೊಟ್ಟದ್ದು. ಮಾರಿಸ್ ಬಯಸಿದ ಸಮಾಜವಾದಕ್ಕೂ ಇದಕ್ಕೂ ದೂರ ಬಹಳ.

ಆಶ್‌ಬೀಯ ಅನುಭವವನ್ನೇ ಪಕ್ಕಕ್ಕಿಟ್ಟು ನೋಡಬೇಕು. 1902ರಲ್ಲಿ ಅವನು ತನ್ನ ಕುಶಲಕರ್ಮಿಗಳ ಸಂಘವಾದ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಅನ್ನು ಪೂರ್ವ ಲಂಡನ್ನಿನಿಂದ ಅದೇ ಜಿಲ್ಲೆಯ ಚಿಪ್ಪಿಂಗ್ ಕ್ಯಾಂಪ್ಡನ್‌ಗೆ, ಕುಶಲಕರ್ಮಿಗಳ ಸಂಸಾರಗಳ ಸಮೇತ ಕರೆತಂದ. ಬೆಳ್ಳಿ ಕೆಲಸ, ಮರಗೆಲಸ, ಮುದ್ರಣ ಯಾವುದರಲ್ಲೂ ಅದು ಕಡಿಮೆಯಿರಲಿಲ್ಲ. ಆದರೂ ಲಂಡನ್ನಿನ ಲಿಬರ್ಟಿಯಂಥ ಅಂಗಡಿಗಳ ಅಗ್ಗದ ಮಾಲಿನೆದುರು ನಿಲ್ಲಲಾರದೆ 1908ರ ಹೊತ್ತಿಗೆ ಗಿಲ್ಡಿನ ಕಂಪನಿ ಮುಚ್ಚಿತು. ರಾಡ್ಮಾರ್ಟನ್ನಿನಲ್ಲಿ ಮನೆ ಕಟ್ಟಿಸಿದವನೇ ಗಿರಾಕಿ. ಅವನಿಗೆ ಅವಸರವೂ ಇರಲಿಲ್ಲ. ಹಾಗಾದರೆ ಅಲ್ಲಿ ಕೈಕಸುಬು ಉಳಿದದ್ದು ಆದರ್ಶದ ಬಲದಿಂದಲ್ಲ, ಮಾರುಕಟ್ಟೆಯ ಹೊರಗಿದ್ದುದರಿಂದ ಎನ್ನಬಹುದು.

ಈ ಮಾತನ್ನು ಬಿಗಿಯಾಗಿ ಹಿಡಿಯುವಂತಿಲ್ಲ. ಒಂದು ಮನೆಯನ್ನೂ ಒಂದು ವ್ಯಾಪಾರಿ ಸಂಘವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಇಪ್ಪತ್ತು ವರ್ಷ ಹಿಡಿದದ್ದಕ್ಕೆ ಮಹಾಯುದ್ಧದ ಪಾಲೂ ಇದೆ. ಎಲ್ಲಕ್ಕಿಂತ ತೊಡಕಿನವನು ವಾಲ್ಸ್: 1919ರಲ್ಲಿ ತನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ವಿನ್ಯಾಸಕ ಅರ್ನೆಸ್ಟ್ ಗಿಮ್ಸನ್ ತೀರಿಕೊಂಡ ಮೇಲೆ ಚಾಲ್ಫರ್ಡ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದು, ಬೇರೆ ಗಿರಾಕಿಗಳಿಗೂ ಮಾಡಿಕೊಟ್ಟು ಬದುಕಿದ. ಅವನ ಗಿರಾಕಿಗಳೂ ಉಳ್ಳವರೇ ಎಂಬ ಉತ್ತರವಿದೆ. ಅದು ಅರ್ಧ ಉತ್ತರ ಮಾತ್ರ.

ಊರಿನ ಹೆಂಗಸರು ಈ ಮನೆಗೆ ಹೊಲಿದ ಗೋಡೆತೆರೆಗಳು ಕೂಲಿಯ ಕೆಲಸವೋ, ಒಡೆಯನ ಹೆಂಡತಿ ಮಾರ್ಗರೆಟ್ ಬಿಡಲ್ಫ್ ಊರಿಗಾಗಿ ನಡೆಸಿದ ಕಲಿಕೆಯ ಭಾಗವೋ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಸದ್ಯಕ್ಕೆ ಮೇಲಿನ ವಾದ ಕಲ್ಲು, ಮರ, ಕಬ್ಬಿಣದ ಕೆಲಸಕ್ಕಷ್ಟೇ ಅನ್ವಯಿಸುತ್ತದೆ.