ಸೋತ ಲಸಿಕೆಯ ಲೆಕ್ಕ

ಲಸಿಕೆಗಳ ಚರಿತ್ರೆಯನ್ನು ನಾವು ಗೆಲುವಿನ ಕಥೆಯಾಗಿಯೇ ಓದಿಕೊಂಡು ಬಂದಿದ್ದೇವೆ. ಸಿಡುಬನ್ನು ಮಣಿಸಿದ ಜೆನ್ನರ್, ಪೋಲಿಯೊ ಲಸಿಕೆ ತಂದ ಸಾಲ್ಕ್ ಪಠ್ಯಪುಸ್ತಕಗಳಲ್ಲಿದ್ದಾರೆ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಸೋತ ಲಸಿಕೆಯೊಂದರ ಕಥೆ.

1956ರಲ್ಲಿ ಅಮೆರಿಕದ ಸಂಶೋಧನಾಲಯವೊಂದರಿಂದ ವರದಿ ಬಂತು: ನೆಗಡಿಯಾದ ಚಿಂಪಾಂಜಿಗಳಲ್ಲಿ ಹೊಸ ವೈರಸ್ ಸಿಕ್ಕಿದೆ. ಮರುವರ್ಷ ರಾಬರ್ಟ್ ಚಾನಕ್ ಮತ್ತು ಸಂಗಡಿಗರು ಅದನ್ನೇ ಬಾಲ್ಟಿಮೋರಿನ ಕಾಯಿಲೆಬಿದ್ದ ಹಸುಗೂಸುಗಳಲ್ಲಿ ಕಂಡರು. ಇಂದು ಅದರ ಹೆಸರು ಆರ್‌ಎಸ್‌ವಿ. ಗಟ್ಟಿಮುಟ್ಟಾದವರಿಗೆ ಬರೀ ಶೀತ. ಎಳೆಗೂಸುಗಳಿಗೆ, ವಯಸ್ಸಾದವರಿಗೆ ಉಸಿರಿಗೇ ಸಂಚಕಾರ.

ಸಾಲ್ಕ್ ಪೋಲಿಯೊ ವೈರಸ್ಸನ್ನು ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ಮಾಡಿದ್ದರು. ಅದೇ ಹಾದಿಯಲ್ಲಿ ಆರ್‌ಎಸ್‌ವಿ ಲಸಿಕೆಯೂ ತಯಾರಾಗಿ, 1966ರ ಹೊತ್ತಿಗೆ ಪ್ರಯೋಗವಾಗಿ ಮಕ್ಕಳಿಗೆ ಹಾಕಲಾಯಿತು. ರಕ್ತದಲ್ಲಿ ಪ್ರತಿಕಾಯಗಳೂ ಮೂಡಿದವು. ಆದರೆ ವೈರಸ್ ಬಂದಾಗ ಲೆಕ್ಕ ತಲೆಕೆಳಗಾಯಿತು. ವಾಷಿಂಗ್ಟನ್ನಿನಲ್ಲಿ ಲಸಿಕೆ ಪಡೆದೂ ಸೋಂಕು ತಗುಲಿದ 20 ಶಿಶುಗಳಲ್ಲಿ 16 ಆಸ್ಪತ್ರೆ ಸೇರಿದವು. ಆ ಲಸಿಕೆ ಪಡೆಯದೆ ಸೋಂಕು ತಗುಲಿದ 21ರಲ್ಲಿ ಆಸ್ಪತ್ರೆ ಸೇರಿದ್ದು ಒಂದೇ ಮಗು. ಲಸಿಕೆ ಪಡೆದ ಇಬ್ಬರು ಮಕ್ಕಳು ತೀರಿಕೊಂಡರು.

ಚಾನಕ್ ತಂಡ ಇದನ್ನು ಮುಚ್ಚಿಡಲಿಲ್ಲ. 1969ರಲ್ಲಿ ಅಂಕಿಅಂಶಗಳ ಸಮೇತ ಪ್ರಕಟಿಸಿತು. ಆ ಇಬ್ಬರು ಮಕ್ಕಳ ಶ್ವಾಸಕೋಶದ ಮಾದರಿಗಳನ್ನು ದಶಕಗಳ ನಂತರವೂ ಸಂಶೋಧಕರು ಮತ್ತೆ ಪರೀಕ್ಷಿಸಿದರು.

ಎಡವಿದ್ದೆಲ್ಲಿ ಎಂಬುದರ ಮುಖ್ಯ ಸುಳಿವು ಸಿಕ್ಕಿದ್ದು 2013ರಲ್ಲಿ, ಚಾನಕ್ ದುಡಿದ ಸಂಸ್ಥೆಯಲ್ಲೇ. ವೈರಸ್ಸಿನ ಮೈಮೇಲಿನ ಎಫ್ ಪ್ರೋಟೀನು ಜೀವಕೋಶದೊಳಗೆ ನುಗ್ಗುವಾಗ ಆಕಾರ ಬದಲಿಸುತ್ತದೆ. ಕಳ್ಳ ಒಳನುಗ್ಗುವ ಮುಂಚಿನ ಮುಖ ನಮ್ಮ ದೇಹಕ್ಕೆ ಗೊತ್ತಿರಬೇಕಿತ್ತು. ಹಳೆಯ ಲಸಿಕೆ ಹೆಚ್ಚಾಗಿ ತೋರಿಸಿದ್ದು ನುಗ್ಗಿದ ಮೇಲಿನ ಮುಖವನ್ನು. ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮೊದಲಾದವರು ಆ ಮೊದಲ ಮುಖವನ್ನು ಬಿಡಿಸಿ ತೋರಿಸಿ, ಬದಲಾಗದಂತೆ ಹಿಡಿದು ನಿಲ್ಲಿಸಿದರು.

2023ರ ಮೇ ತಿಂಗಳಲ್ಲಿ ಅಮೆರಿಕ 60 ದಾಟಿದವರಿಗೆ ಆರ್‌ಎಸ್‌ವಿ ಲಸಿಕೆಯನ್ನು ಒಪ್ಪಿತು; ಆಗಸ್ಟ್‌ನಲ್ಲಿ ಗರ್ಭಿಣಿಯರಿಗೂ. ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಸಾಗಿ, ಮಗು ಹುಟ್ಟುವಾಗಲೇ ರಕ್ಷಣೆ ಪಡೆದಿರುತ್ತದೆ.

ಲಸಿಕೆಯೆಂದರೆ ಅಂಜುವವರಿಗೆ ನಾವು ಗೆದ್ದ ಕಥೆಗಳನ್ನಷ್ಟೇ ಹೇಳುತ್ತೇವೆ. ನಾನಾದರೆ ಇದನ್ನು ಮೊದಲು ಹೇಳುತ್ತೇನೆ. ಅಂದಿನ ಸೋಲನ್ನು ಬರೆದಿಡದೆ ಹೋಗಿದ್ದರೆ ಮತ್ತೊಂದು ತಲೆಮಾರಿನ ಮಕ್ಕಳು ಅದೇ ತಪ್ಪಿಗೆ ಬಲಿಯಾಗಬಹುದಿತ್ತು. ಇಂದು ರಕ್ಷಣೆಯೊಂದಿಗೆ ಹುಟ್ಟುವ ಕೂಸುಗಳ ಉಸಿರಿನಲ್ಲಿ ಆ ಇಬ್ಬರ ಋಣವೂ ಇದೆ.