ಒಂದು ಗಣಕ, ಎಂಟು ಮಕ್ಕಳು: ಸರದಿಯ ಚರಿತ್ರೆ



ಸಮಾಜ ವಿಜ್ಞಾನದ ಮೇಷ್ಟ್ರು ಗಣಕಯಂತ್ರದ ಬಗ್ಗೆ ಬರೆಯಲು ಹೊರಟರೆ ನೀವು ಹುಬ್ಬೇರಿಸುವುದು ಸಹಜ. ಆದರೆ ಇದೂ ಚರಿತ್ರೆಯೇ. ಇದರಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಅದನ್ನು ಹೇಳದೆ ಮುಂದಿನ ಮಾತಿಗೆ ಹೋಗಲಾರೆ.

2008ರ ಸುಮಾರಿಗೆ ನಾನು ಹನೂರು ಭಾಗದ ಒಂದು ಪ್ರೌಢಶಾಲೆಯಲ್ಲಿದ್ದೆ. ಹನೂರು ಆಗಿನ್ನೂ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ನಮ್ಮ ಗಣಕ ಕೊಠಡಿಯಲ್ಲಿ ಎಂಟು ಪರದೆಗಳು, ಎಂಟು ಕೀಲಿಮಣೆಗಳು ಇದ್ದವು. ಯಂತ್ರ ಮಾತ್ರ ಒಂದೇ. ಮೂಲೆಯಲ್ಲಿದ್ದ ಆ ಒಂದು ಪೆಟ್ಟಿಗೆಯಿಂದ ಎಲ್ಲ ಪರದೆಗಳಿಗೂ ತಂತಿ ಎಳೆದಿದ್ದರು. ಖರ್ಚು ಕಡಿಮೆ, ವಿದ್ಯುತ್ತೂ ಕಡಿಮೆ ಎಂದು ಎಲ್ಲರಿಗೂ ಸಂತೋಷ. ಒಂದು ಕಿರುಪರೀಕ್ಷೆಯ ದಿನ ಮಕ್ಕಳಿಗೆ ‘ನುಡಿ’ಯಲ್ಲಿ ಒಂದು ಅರ್ಜಿಯನ್ನು ಬೆರಳಚ್ಚು ಮಾಡಲು ಹೇಳಿದೆ. ಮೊದಲೇ ಮುಗಿಸಿದ ಹುಡುಗರು ಚಿತ್ರ ಓಡುವ ಪಾಠದ ಸಿ.ಡಿ.ಯನ್ನು ಹಾಕಿಕೊಂಡು ಕುಳಿತರು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳ ಅರ್ಜಿಯಲ್ಲಿ ಮಾತ್ರ ಅಕ್ಷರಗಳು ಎರಡೆರಡು, ಮೂರು ಮೂರು ಸಲ ಬಿದ್ದಿದ್ದವು. “ಒತ್ತಿದರೆ ಬರುವುದಿಲ್ಲ ಸಾರ್, ಆಮೇಲೆ ಎಲ್ಲ ಒಟ್ಟಿಗೆ ಬರುತ್ತದೆ” ಎಂದಳು. ನೆಪ ಹೇಳುತ್ತೀಯಾ ಎಂದು ತರಗತಿಯೆದುರೇ ಗದರಿಸಿ ಐದು ಅಂಕ ಕಳೆದೆ.

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದು ಹೇಗೆಂಬುದನ್ನು ತಿಳಿಯಲು ಸರದಿ ಎಂಬುದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಯಳಂದೂರು ಸೀಮೆಯ ನಮ್ಮ ಬಂಧುಗಳಿಗೆ ಸರದಿಯನ್ನು ವಿವರಿಸಬೇಕಿಲ್ಲ. ಸುವರ್ಣಾವತಿಯ ನೀರು ಕಂಡ ಗದ್ದೆಬಯಲಿನವರು ಅವರು. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ತೆರೆದು ಗದ್ದೆಗದ್ದೆಗೆ ನೀರು ತಿರುಗಿಸಲು ನೀರಗಂಟಿ ಎಂಬವನಿರುತ್ತಿದ್ದ. ಒಬ್ಬನ ಗದ್ದೆ ಪೂರ್ತಿ ತುಂಬುವವರೆಗೂ ಕಾಲುವೆಯನ್ನು ಅವನಿಗೇ ಬಿಟ್ಟರೆ ಕೊನೆಯವನ ಪೈರು ಒಣಗುತ್ತದೆ. ಗಳಿಗೆಗೊಮ್ಮೆ ಮಡೆ ಬದಲಾಯಿಸುತ್ತ ಹೋದರೆ ನೀರೆಲ್ಲ ಕಾಲುವೆಯಲ್ಲೇ ಇಂಗುತ್ತದೆ. ಎಷ್ಟು ಹೊತ್ತಿಗೆ ಮಡೆ ತಿರುಗಿಸಬೇಕು ಎಂಬುದೇ ನೀರಗಂಟಿಯ ವಿದ್ಯೆ.

ಇನ್ನೊಂದು ಬಗೆಯ ಸರದಿಯನ್ನು ನಾವು ತಾಲ್ಲೂಕು ಕಚೇರಿಯಲ್ಲಿ ಕಂಡೆವು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದಾಗ 15 ರೂಪಾಯಿಗೆ ಪಹಣಿ ಕೈಗೆ ಬಂತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಮಾಡಿತು. ಮೊದಲು ಬಂದವನಿಗೆ ಮೊದಲು. ಅರ್ಜಿಗೆ ಅದು ನ್ಯಾಯ. ಆದರೆ ಗಣಕದ ಒಳಗೆ ಅದೇ ನಿಯಮವನ್ನಿಟ್ಟರೆ ಒಂದು ಅಕ್ಷರ ಮೂಡಬೇಕಾದವಳು ಅರ್ಧ ಗಂಟೆಯ ಲೆಕ್ಕ ಮಾಡುವವನ ಹಿಂದೆ ನಿಲ್ಲಬೇಕಾಗುತ್ತದೆ.

ಮೊದಮೊದಲು ಪ್ರಪಂಚದ ಗಣಕಗಳೆಲ್ಲ ಹೀಗೆಯೇ ಇದ್ದವು. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಬಂದರೆ ಸರದಿ ಬಂದಾಗ ಉತ್ತರ. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಸಾಲಿನ ಕೊನೆಗೆ. ಈ ಪಾಡನ್ನು ತಪ್ಪಿಸಲು ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಐ.ಬಿ.ಎಂ. 709 ಯಂತ್ರದ ಮೇಲೆ ಕಾಲ ಹಂಚಿಕೆಯ ಪ್ರಯೋಗವನ್ನು ತೋರಿಸಿದರು. ಪ್ರತಿಯೊಬ್ಬನಿಗೂ ಕ್ಷಣದ ಒಂದು ತುಣುಕು. ತುಣುಕು ಮುಗಿದೊಡನೆ ಮುಂದಿನವನಿಗೆ. ಬೇಗ ಮುಗಿಯುವ ಕೆಲಸಕ್ಕೆ ಬೇಗ ಸರದಿ, ಬಹಳ ಹೊತ್ತು ನುಂಗುವ ಕೆಲಸವನ್ನು ಕೆಳಗಿನ ಸಾಲಿಗೆ ತಳ್ಳುವುದು ಎಂಬ ಜಾಣ್ಮೆಯನ್ನೂ ಸೇರಿಸಿದರು. ಕೊರ್ಬಾಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಈ ಬಗೆಯ ಕೆಲಸಕ್ಕಾಗಿಯೇ.

ಸ್ವಂತ ಗಣಕ ಮನೆಮನೆಗೆ ಬಂದ ಮೇಲೆ ಹಂಚಿಕೆಯ ಮಾತು ಹಿಂದೆ ಸರಿಯಿತು. ಅದು ಮತ್ತೆ ಮುಂದೆ ಬಂದದ್ದು 1995ರಲ್ಲಿ, ಸಿಟ್ರಿಕ್ಸ್ ಕಂಪನಿಯ ವಿನ್‌ಫ್ರೇಮ್‌ನೊಂದಿಗೆ. 1998ರಲ್ಲಿ ಮೈಕ್ರೋಸಾಫ್ಟ್ ತನ್ನ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಹೊರತಂದಿತು. ದೂರದ ಒಂದು ಸರ್ವರಿನಲ್ಲಿ ಹತ್ತಾರು ಜನ ಕೆಲಸ ಮಾಡುವುದು, ತಮ್ಮ ಮುಂದಿರುವುದು ಬರಿಯ ಪರದೆ. ನಮ್ಮ ಕೊಠಡಿಯ ಏರ್ಪಾಟು ಇದರ ಬಡ ತಮ್ಮ.

ವಿಂಡೋಸ್‌ನಲ್ಲಿ ಪ್ರೊಸೆಸರಿನ ಸರದಿಯನ್ನು ತಿದ್ದಲು ಒಂದು ಆಯ್ಕೆಯಿದೆ: ‘ಪ್ರೋಗ್ರಾಮ್ಸ್’ ಅಥವಾ ‘ಬ್ಯಾಕ್‌ಗ್ರೌಂಡ್ ಸರ್ವೀಸಸ್’. ಮೊದಲನೆಯದರಲ್ಲಿ ತುಣುಕು ಚಿಕ್ಕದು, ಗಡಿಯಾರದ ಎರಡು ಬಡಿತ, ಅಂದರೆ ಸುಮಾರು 20ರಿಂದ 30 ಮಿಲಿಸೆಕೆಂಡು. ಪರದೆಯ ಮುಂಭಾಗದಲ್ಲಿರುವ ಕೆಲಸಕ್ಕೆ ಅದರ ಮೂರರಷ್ಟು. ಎರಡನೆಯದರಲ್ಲಿ ಎಲ್ಲರಿಗೂ ಸಮನಾಗಿ ಹನ್ನೆರಡು ಬಡಿತ, ಸುಮಾರು 120ರಿಂದ 180 ಮಿಲಿಸೆಕೆಂಡು. ಕಡತ ಹಂಚುವ, ದತ್ತಾಂಶ ಕಾಯುವ ಸರ್ವರಿಗೆ ಈ ಎರಡನೆಯದೇ ಹಿತ. ಮಡೆ ತಿರುಗಿಸುವ ನಷ್ಟ ಕಡಿಮೆ. ಸರ್ವರ್ ಆವೃತ್ತಿಗಳಲ್ಲಿ ಮೊದಲಿಂದಲೇ ಅದನ್ನು ಆರಿಸಿಟ್ಟಿರುತ್ತಾರೆ. ಆದರೆ ಮನುಷ್ಯರು ಕುಳಿತು ಬೆರಳಚ್ಚು ಮಾಡುವ ಸರ್ವರಿಗೆ ಅದು ಒಗ್ಗದು. ನಾಲ್ಕು ಕೆಲಸಗಳು ಒಂದೇ ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡರೆ, ಪ್ರತಿಯೊಂದಕ್ಕೂ 180ರಂತೆ, ಐದನೆಯವರ ಸರದಿಗೆ ಮುಕ್ಕಾಲು ಸೆಕೆಂಡಿನ ಹತ್ತಿರ ಆಗುತ್ತದೆ. ಕೀಲಿ ಒತ್ತಿದ ಕೆಲಸಕ್ಕೆ ಕ್ಷಣಕಾಲ ಆದ್ಯತೆಯನ್ನು ಏರಿಸುವ ಉಪಾಯವೂ ವಿಂಡೋಸ್‌ನಲ್ಲಿದೆ, ನಿಜ. ಆದರೆ ಒಂದೊಂದು ತುಣುಕು ಮುಗಿದಂತೆ ಆ ಏರಿಕೆ ಇಳಿಯುತ್ತ ಬರುತ್ತದೆ. ಇದನ್ನರಿತೇ ಟರ್ಮಿನಲ್ ಸೇವೆಯನ್ನು ಬಹುಜನರ ಬಳಕೆಗೆ ಅಳವಡಿಸಿದಾಗ ಆಯ್ಕೆ ತಾನಾಗಿ ‘ಪ್ರೋಗ್ರಾಮ್ಸ್’ಗೆ ಬದಲಾಗುವಂತೆ ಮಾಡಿದ್ದರು. ನಮ್ಮಲ್ಲಿ ಹಂಚಿಕೆ ಬೇರೊಂದು ತಂತ್ರಾಂಶದಿಂದ ನಡೆಯುತ್ತಿದ್ದುದರಿಂದ ಹಳೆಯ ಆಯ್ಕೆಯೇ ಉಳಿದಿತ್ತು.

ಇದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಹಳೆಯ ಶಿಷ್ಯನೊಬ್ಬ ದಸರಾ ರಜೆಯಲ್ಲಿ ಬಂದಾಗ. ಆಯ್ಕೆ ಬದಲಿಸಿ, ಎಂಟೂ ಪರದೆಗಳಲ್ಲಿ ನಮ್ಮನ್ನು ಕೂರಿಸಿ ತೋರಿಸಿದ. ಅಕ್ಷರಗಳು ಬೆರಳಿನ ಹಿಂದೆಯೇ ಬಂದವು. ಆದರೆ ಒಬ್ಬ ಸಹೋದ್ಯೋಗಿ ನಾಲ್ಕು ಚಿತ್ರಗಳನ್ನು ಒಟ್ಟಿಗೆ ಓಡಿಸಿದಾಗ ಮತ್ತೆ ತಡವರಿಸಿದವು. “ಸಾರ್, ಇದು ಕೆಲಸಗಳನ್ನು ಎಣಿಸುತ್ತದೆ, ಮನುಷ್ಯರನ್ನು ಎಣಿಸುವುದಿಲ್ಲ” ಎಂದ ಆ ಹುಡುಗ. ನಾಲ್ಕು ಕಿಟಕಿ ತೆರೆದವನಿಗೆ ನಾಲ್ಕು ಪಾಲು, ಒಂದು ಅರ್ಜಿ ಬರೆಯುವವಳಿಗೆ ಒಂದು ಪಾಲು.

ಈ ಅನ್ಯಾಯ ಬೇರೆಡೆಯ ವಿದ್ಯಾರ್ಥಿಗಳ ನಡುವೆಯೂ ಎದ್ದು ಕಂಡಿತ್ತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಹಂಚಿಕೊಳ್ಳುತ್ತಿದ್ದ ಗಣಕಕ್ಕಾಗಿ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್ ಎಂಬವರು ಕೆಲಸಕ್ಕಲ್ಲ, ವ್ಯಕ್ತಿಗೆ ಪಾಲು ಕೊಡುವ ಏರ್ಪಾಟನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು. ವಿಂಡೋಸ್ ಸರ್ವರಿಗೆ ಈ ವಿವೇಕ ಬಂದದ್ದು 2009ರ ‘2008 ಆರ್2’ ಆವೃತ್ತಿಯಲ್ಲಿ: ಕುಳಿತವರ ಸಂಖ್ಯೆಯನ್ನು ನೋಡಿ ಪ್ರೊಸೆಸರನ್ನು ಪಾಲು ಮಾಡುವ ವ್ಯವಸ್ಥೆ. ಲಿನಕ್ಸ್‌ನಲ್ಲಿಯೂ 2011ರ ಹೊತ್ತಿಗೆ ಹೋಲುವ ಗುಂಪುಪಾಲು ಬಂತು. ನಮ್ಮ ಕೊಠಡಿಗೆ ಅವು ಯಾವುವೂ ಬರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಚಿತ್ರ ಹಾಕಬಾರದೆಂದು ನಾನೇ ನೀರಗಂಟಿಯಾಗಿ ನಿಂತೆ.

ಅಷ್ಟರಲ್ಲಿ ಅಂಕಪಟ್ಟಿ ಮೇಲಕ್ಕೆ ಹೋಗಿತ್ತು; ತಿದ್ದುವ ಧೈರ್ಯ ಮಾಡಲಿಲ್ಲ. ತರಗತಿಯೆದುರು ಆಡಿದ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಮಗಳೇ, ನೀನು ಇದನ್ನು ಓದುತ್ತಿದ್ದರೆ, ಆ ಐದು ಅಂಕಗಳು ನಿನ್ನವೇ ಆಗಿದ್ದವು.